ಹಕೀಮ್ ಅಜ್ಮಲ್ ಖಾನ್: ಮದ್ದು ಮತ್ತು ಮನಸ್ಸಾಕ್ಷಿ



ಮನೆಯಲ್ಲಿ ಮಗುವಿಗೆ ಕೆಮ್ಮು ಬಂದರೆ ಅಜ್ಜಿ ಶುಂಠಿ, ಕರಿಮೆಣಸು ಜಜ್ಜಿ ನೀರಿಗೆ ಹಾಕಿ ಕುದಿಸುತ್ತಾರೆ. ಆದರೆ ತಲೆನೋವಿಗೆ ಹಚ್ಚುವ ಮದ್ದನ್ನು ಎಣ್ಣೆಯಲ್ಲೇ ಕಾಯಿಸುತ್ತಾರೆ. ಏಕೆ ಹೀಗೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಇಂಗ್ಲಿಷ್ ಮದ್ದಿನ ಟಿಂಕ್ಚರ್‌ಗಳಲ್ಲಿ ಸಾಮಾನ್ಯವಾಗಿ ಮದ್ಯಸಾರವಿರುತ್ತದೆ. ಅಂಥದ್ದನ್ನು ನಾವು ಮನೆಯಲ್ಲಿ ತಯಾರಿಸಬಹುದೇ? ಮೂಲಿಕೆ ಒಳ್ಳೆಯದಾದರೆ ಸಾಲದು, ಅದರ ಗುಣವನ್ನು ಹೊರಗೆಳೆಯುವ ದ್ರವವೂ ಒಳ್ಳೆಯದಾಗಿರಬೇಕು. ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮನೆತನವೊಂದರ ಕುಡಿಯೇ ಮಸೀಹುಲ್ ಮುಲ್ಕ್ ಹಕೀಮ್ ಅಜ್ಮಲ್ ಖಾನ್. ಅವರ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

1868ರಲ್ಲಿ ದಿಲ್ಲಿಯ ಪ್ರಸಿದ್ಧ ಶರೀಫೀ ಹಕೀಮರ ಮನೆತನದಲ್ಲಿ ಅವರು ಜನಿಸಿದರು. ಎಳವೆಯಲ್ಲೇ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದರು. ಅರಬಿ, ಫಾರ್ಸಿ ಕಲಿತರು. ತಂದೆ ಹಕೀಮ್ ಮಹ್ಮೂದ್ ಖಾನ್ ಮತ್ತು ಅಣ್ಣಂದಿರ ಬಳಿ ಯೂನಾನಿ ವೈದ್ಯ ಕಲಿತರು. 1892ರಲ್ಲಿ ರಾಂಪುರದ ನವಾಬರ ಆಸ್ಥಾನ ವೈದ್ಯರಾದರು. ಆ ಬಳಿಕ ದಿಲ್ಲಿಗೆ ಮರಳಿ ಮನೆತನದ ಚಿಕಿತ್ಸಾಲಯವನ್ನೂ ವೈದ್ಯಕೀಯ ಮದ್ರಸವನ್ನೂ ವಹಿಸಿಕೊಂಡರು. ದಿಲ್ಲಿಯ ಬಡವರಿಂದ ಅವರು ಶುಲ್ಕ ಪಡೆಯುತ್ತಿರಲಿಲ್ಲ. ದೂರದ ರಾಜಮಹಾರಾಜರು ಕರೆಸಿಕೊಂಡರೆ ಮಾತ್ರ ದೊಡ್ಡ ಮೊತ್ತ ಪಡೆಯುತ್ತಿದ್ದರು.

ಅವರು ಕಲಿತ ಯೂನಾನಿ ಪದ್ಧತಿಯಲ್ಲಿ ದ್ರವದ ಆಯ್ಕೆಯೇ ಒಂದು ಶಾಸ್ತ್ರ. ಮೂಲಿಕೆಯನ್ನು ನೀರಿನಲ್ಲಿ ನೆನೆಸಿ ಸೋಸಿದರೆ ಅದು ಖೀಸಾಂದ, ಕುದಿಸಿದರೆ ಜೋಷಾಂದ. ಹೂವು, ಎಲೆಗಳಂತಹ ಮೃದು ವಸ್ತುಗಳಿಗೆ ನೆನೆಸುವುದು ಸಾಕು. ಬೇರು, ತೊಗಟೆಗಳಿಗೆ ಕುದಿತ ಬೇಕು. ಲೋಳೆ, ಸಕ್ಕರೆ, ಒಗರು ನೀರಿಗೆ ಇಳಿಯುತ್ತವೆ. ಎಣ್ಣೆ, ರಾಳ ಇಳಿಯುವುದಿಲ್ಲ. ಅದಕ್ಕೆಂದೇ ರೋಗನ್, ಅಂದರೆ ಮೂಲಿಕೆಯ ಎಣ್ಣೆ. ಗುಲಾಬಿ, ಸೋಂಪುಗಳ ಪರಿಮಳ ಕುದಿಯುವಾಗ ಹಬೆಯೊಂದಿಗೆ ಹಾರಿಹೋಗುತ್ತದೆ. ಆ ಹಬೆಯನ್ನು ತಣಿಸಿ ಹಿಡಿದರೆ ಅರ್ಕ್. ಹೆಸರು ಕೇಳಿ ಗಾಬರಿಯಾಗಬೇಡಿ, ಹಕೀಮರ ಈ ಅರ್ಕ್ ಸಾರಾಯಿ ಅಲ್ಲ, ಬಟ್ಟಿ ಇಳಿಸಿದ ಪರಿಮಳದ ನೀರು. ಸಿರ್ಕಾದ ಹುಳಿಯು ಮೂಲಿಕೆಗಳ ಕೆಲವು ಕಹಿ ಸತ್ವಗಳನ್ನು ನೀರಿಗಿಂತ ಚೆನ್ನಾಗಿ ಹೊರತೆಗೆಯುತ್ತದೆ. ಸಿರ್ಕಾ ಮತ್ತು ಜೇನು ಅಥವಾ ಸಕ್ಕರೆ ಸೇರಿದರೆ ಸಿಕಂಜಬೀನ್. ಪುಡಿ ಮಾಡಿದ ಮೂಲಿಕೆಯನ್ನು ಜೇನಿನಲ್ಲಿ ಕಲಸಿದರೆ ಮಾಜೂನ್. ಜೇನು ಮದ್ದನ್ನು ಕೆಡದಂತೆ ಬಹುಕಾಲ ಕಾಯುತ್ತದೆ.

ಮದ್ಯಸಾರವೂ ಅನೇಕ ಸತ್ವಗಳನ್ನು ಸುಲಭವಾಗಿ ಸೆಳೆಯುತ್ತದೆ, ಕೆಡದಂತೆ ಉಳಿಸುತ್ತದೆ. ಟಿಂಕ್ಚರ್ ಬಳಕೆಗೆ ಬಂದದ್ದು ಆ ಕಾರಣಕ್ಕೆ. ಆದರೆ ಸತ್ಯವಿಶ್ವಾಸಿಗೆ ಇನ್ನೊಂದು ಅಳತೆಗೋಲೂ ಇದೆ. ನಿಷಿದ್ಧ ವಸ್ತುವಿನಲ್ಲಿ ಶಮನವನ್ನು ಅರಸದಂತೆ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಿರ್ಕಾವನ್ನು ಅವರು ಮೆಚ್ಚಿದರು. ಜೇನಿನಲ್ಲಿ ಮನುಷ್ಯರಿಗೆ ಶಮನವಿದೆ ಎಂದು ಅಲ್ಲಾಹನು ಅನ್ನಹ್ಲ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಬೇರೆ ದಾರಿಯಿಲ್ಲದಾಗ ನಂಬಿಗಸ್ತ ವೈದ್ಯರು ಬರೆದುಕೊಟ್ಟ ಮದ್ದಿನ ವಿಷಯದಲ್ಲಿ ಅನೇಕ ವಿದ್ವಾಂಸರು ರಿಯಾಯಿತಿ ನೀಡಿದ್ದಾರೆ. ಆದರೆ ನೀರು, ಜೇನು, ಸಿರ್ಕಾ, ಎಣ್ಣೆ ಕೈಯಳತೆಯಲ್ಲಿರುವಾಗ ಅಡುಗೆಮನೆಯಲ್ಲಿ ಮದ್ಯದ ಬಾಟಲಿ ತೆರೆಯಲು ಯಾವ ನಿರ್ಬಂಧವಿದೆ ಹೇಳಿ?

ಅಜ್ಮಲ್ ಖಾನರು ಹಳೆಯದನ್ನು ಕುರುಡಾಗಿ ಅಪ್ಪಿಕೊಂಡವರಲ್ಲ. 1911ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆಗಳನ್ನು ಕಣ್ಣಾರೆ ಕಂಡರು. ದಿಲ್ಲಿಯಲ್ಲಿ ಆಯುರ್ವೇದಿಕ್ ಮತ್ತು ಯೂನಾನಿ ತಿಬ್ಬಿಯಾ ಕಾಲೇಜನ್ನು ಕಟ್ಟಿ, ವೈದ್ಯರನ್ನೂ ಹಕೀಮರನ್ನೂ ಒಂದೇ ಸೂರಿನಡಿ ತಂದರು. 1916ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಶುದ್ಧವಾದ ಮದ್ದು ಜನರಿಗೆ ಸಿಗಲೆಂದು ನಡೆಸುತ್ತಿದ್ದ ಹಿಂದೂಸ್ತಾನಿ ದವಾಖಾನೆಯ ಆದಾಯವನ್ನು ಈ ಕಾಲೇಜಿಗೇ ಮೀಸಲಿಟ್ಟರು. ಬ್ರಿಟಿಷ್ ಸರಕಾರ ಕೊಟ್ಟ ಬಿರುದನ್ನು 1920ರಲ್ಲಿ ಮರಳಿಸಿದರು. ಅದೇ ವರ್ಷ ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮೊದಲ ಕುಲಾಧಿಪತಿಯಾದರು. 1921ರ ಅಹ್ಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಹಣದ ಮುಗ್ಗಟ್ಟಿನಲ್ಲಿದ್ದ ಜಾಮಿಯಾವನ್ನು ತಮ್ಮ ಸ್ವಂತ ಗಳಿಕೆಯಿಂದಲೂ ನಡೆಸಿದರು. 1927ರ ಡಿಸೆಂಬರ್ ಕೊನೆಯಲ್ಲಿ ಇಹಲೋಕ ತ್ಯಜಿಸಿದರು.

ಅವರ ಕನಸು ಅಲ್ಲಿಗೆ ನಿಲ್ಲಲಿಲ್ಲ. ಹಕೀಮರು ತಲೆಮಾರುಗಳಿಂದ ಬಳಸುತ್ತಿದ್ದ ಸರ್ಪಗಂಧಿ ಬೇರನ್ನು ಹೊಸ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬ ಯೋಜನೆಯಲ್ಲಿ ಅವರ ಜೊತೆಗಿದ್ದವರು ಜರ್ಮನಿಯಲ್ಲಿ ಓದಿದ ಡಾ. ಸಲೀಮುಝ್ಝಮಾನ್ ಸಿದ್ದೀಕಿ. 1931ರಲ್ಲಿ ಅವರು ಆ ಬೇರಿನಿಂದ ಸತ್ವವೊಂದನ್ನು ಬೇರ್ಪಡಿಸಿ, ಮಾರ್ಗದರ್ಶಕರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತಕ್ಕೆ ಸಂಬಂಧಿಸಿದ ವೈದ್ಯದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಹಳೆಯ ವಿದ್ಯೆಯನ್ನು ಪರೀಕ್ಷೆಗೊಡ್ಡಲು ಹಕೀಮರು ಹೆದರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಓದುಗರೇ, ಅವರ ಬದುಕಿನಿಂದ ನಮ್ಮ ಅಡುಗೆಮನೆಗೂ ಪಾಠವಿದೆ. ಸರ್ಪಗಂಧಿಯಂತಹ ತೀಕ್ಷ್ಣ ಬೇರುಗಳನ್ನು ಮನೆಯಲ್ಲಿ ಮುಟ್ಟಬೇಡಿ, ಅದು ವೈದ್ಯರ ಕೆಲಸ. ಜೋಷಾಂದವನ್ನು ಅಂದಂದೇ ಮಾಡಿ, ಅಂದೇ ಕುಡಿದು ಮುಗಿಸಿ. ಸಿರ್ಕಾ ಹಾಕಿದ ಮದ್ದನ್ನು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿಡದೆ ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿಡಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಡಬೇಡಿ, ಅದರಲ್ಲಿ ಮಾರಕ ವಿಷ ಬೆಳೆಯಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ. ಬಣ್ಣದಂಗಡಿಯಲ್ಲಿ ಸಿಗುವ ಸ್ಪಿರಿಟ್ಟನ್ನಂತೂ ಮದ್ದಿಗೆ ಎಂದಿಗೂ ಬಳಸಬೇಡಿ. ಅದರಲ್ಲಿ ಮಿಥೈಲ್ ಮದ್ಯಸಾರವಿರಬಹುದು, ಅದು ಕಣ್ಣನ್ನೂ ಜೀವವನ್ನೂ ಕಸಿಯುತ್ತದೆ. ಕಾಯಿಲೆ ಜೋರಾದರೆ ವೈದ್ಯರ ಬಳಿಗೆ ಹೋಗಲು ತಡಮಾಡಬೇಡಿ. ಚಿಕಿತ್ಸೆ ಪಡೆಯುವುದೂ ಸುನ್ನತ್ ಎಂಬುದನ್ನು ಮರೆಯಬೇಡಿ.

ದೇಹ ಅಲ್ಲಾಹನ ಅಮಾನತ್ತು. ಅದಕ್ಕೆ ಕೊಡುವ ಮದ್ದು ಪರಿಣಾಮಕಾರಿಯೂ ಹಲಾಲೂ ಆಗಿರಲೆಂಬ ಎಚ್ಚರ ನಮ್ಮ ಮನೆಗಳಲ್ಲಿ ಉಳಿಯಲಿ. ಶಮನ ನೀಡುವವನು ಅವನೊಬ್ಬನೇ. ಮರ್ಹೂಮ್ ಹಕೀಮರ ಸೇವೆಯನ್ನು ಅವನು ಸ್ವೀಕರಿಸಲಿ. ಆಮೀನ್.