ಪರದೆ, ಕರೆಗಂಟೆ ಮತ್ತು ಫ್ಲಾರೆನ್ಸ್ ನೈಟಿಂಗೇಲ್

ಆಪರೇಷನ್ ಆಗಿ ಮಲಗಿದವರಿಗೆ ತಲೆದಿಂಬಿನ ಪಕ್ಕದ ಕರೆಗಂಟೆಯೇ ದೊಡ್ಡ ಆಸರೆ. ಮಗ್ಗುಲು ತಿರುಗಲಾಗದೆ, ಬಾಯಿ ಒಣಗಿ, ಹೊಲಿಗೆ ಎಳೆಯುತ್ತಿರುವಾಗ ಅದನ್ನೊತ್ತಿ, ಯಾರಾದರೂ ಬಂದಾರೇ ಎಂದು ಬಾಗಿಲ ಕಡೆ ಕಣ್ಣು ನೆಟ್ಟ ಅನುಭವ ನಮ್ಮಲ್ಲಿ ಅನೇಕರಿಗಿದೆ. ಕಳೆದ ವರ್ಷ ನನಗೂ ಆಯಿತು. ನನ್ನ ಗಂಟೆಗೆ ಒಬ್ಬರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮನೆಗೆ ಬಂದು ಓದಲು ಕೈಗೆತ್ತಿಕೊಂಡದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವನ್ನು. ಶಾಲೆಯಲ್ಲಿ ದೀಪ ಹಿಡಿದ ದೇವತೆ ಎಂದು ಒಂದು ಪುಟದಲ್ಲಿ ಓದಿ ಮರೆತಿದ್ದೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಶ್ರೀಮಂತರ ಮಗಳು. ಊರಿನ ಹೆಸರನ್ನೇ ಮಗುವಿಗಿಟ್ಟರು. ತಂದೆ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಗಣಿತ ಓದಲು ಅವಕಾಶ ಕೊಟ್ಟರು. ಆದರೆ ನರ್ಸ್ ಆಗುತ್ತೇನೆ ಎಂದಾಗ ತಾಯಿಗೂ ಅಕ್ಕನಿಗೂ ಸಿಡಿಲು ಬಡಿದಂತಾಯಿತು. ಆಗಿನ ಕಾಲದಲ್ಲಿ ಆ ಕೆಲಸಕ್ಕೆ ಮಾನವೇ ಇರಲಿಲ್ಲ. ವರ್ಷಗಟ್ಟಲೆ ಜಗ್ಗಾಟ ನಡೆಯಿತು, ಬಂದ ಸಂಬಂಧಗಳನ್ನೆಲ್ಲ ಆಕೆ ನಿರಾಕರಿಸಿದರು. ಜರ್ಮನಿಯ ಕೈಸರ್‌ಸ್ವರ್ತ್‌ನಲ್ಲಿ ಕೆಲವು ತಿಂಗಳು ತರಬೇತಿ ಪಡೆಯುವ ಹೊತ್ತಿಗೆ ಮೂವತ್ತು ದಾಟಿತ್ತು.

1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿದ್ದ, ಬಡತನಕ್ಕೆ ಬಿದ್ದ ಕುಲೀನ ಸ್ತ್ರೀಯರ ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿ ಆಕೆ ಮೊದಲು ಕೇಳಿದ್ದು ಮೂರು ವಸ್ತುಗಳು: ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು, ಊಟ ಮೇಲಕ್ಕೇರಿಸಲು ಒಂದು ಲಿಫ್ಟ್, ಮತ್ತು ಯಾವ ರೋಗಿ ಕರೆದರೆಂದು ನರ್ಸಿಗೆ ಕಣ್ಣಿಗೇ ಕಾಣುವಂಥ ಗಂಟೆಗಳು. ನರ್ಸು ನೀರು ಹೊರುತ್ತ ಮೆಟ್ಟಿಲು ಹತ್ತಿಳಿಯುತ್ತಿದ್ದರೆ ರೋಗಿಯ ಹತ್ತಿರ ಇರುವುದು ಯಾವಾಗ? ಅಡುಗೆಮನೆಯಲ್ಲಿ ದುಡಿದ ಯಾವ ಹೆಂಗಸಿಗಾದರೂ ಈ ಲೆಕ್ಕ ಅರ್ಥವಾಗುತ್ತದೆ. ಎಲ್ಲ ಮತದ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಅಲ್ಲಿಯ ಸಮಿತಿಯೊಂದಿಗೆ ಜಗಳವಾಡಿ ಗೆದ್ದರು ಕೂಡ.

ಮರುವರ್ಷ ಕ್ರೈಮಿಯಾ ಯುದ್ಧ. 1854ರ ನವೆಂಬರ್ ಮೊದಲ ವಾರ 38 ನರ್ಸುಗಳೊಂದಿಗೆ ತುರ್ಕಿಯ ಸ್ಕುಟಾರಿ ತಲುಪಿದರು. ಸೈನಿಕರ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ದರು. ಹಾಸಿಗೆಗಳ ಸಾಲು ಮೈಲಿಗಟ್ಟಲೆ. ಶಸ್ತ್ರಚಿಕಿತ್ಸೆಗೆ ಬೇರೆ ಕೋಣೆ ಇಲ್ಲದೆ ಎಲ್ಲರೆದುರಿಗೇ ಕೈಕಾಲು ಕತ್ತರಿಸುತ್ತಿದ್ದರು. ನಾಳೆ ತನ್ನ ಕಾಲು ಹೋಗಲಿರುವವನು ಇವತ್ತು ಪಕ್ಕದವನು ಕತ್ತಿಯ ಕೆಳಗೆ ಪ್ರಾಣ ಬಿಡುವುದನ್ನು ನೋಡುತ್ತ ಮಲಗಿರಬೇಕು. ಅದನ್ನು ಕಂಡ ಮೇಲೆ ಅವನ ಧೈರ್ಯವೂ ಬದುಕುವ ಸಾಧ್ಯತೆಯೂ ಕುಗ್ಗುತ್ತವೆ ಎಂದು ಆಕೆಗೆ ಹೊಳೆಯಿತು. ಬಂದ ಕೆಲವೇ ದಿನಗಳಲ್ಲಿ ಒಂದು ಪರದೆ ಹೊಂದಿಸಿದರು. ಬಟ್ಟೆಯ ತುಂಡಷ್ಟೇ.

ರಾತ್ರಿ ಆಕೆ ಹಿಡಿದು ಸುತ್ತುತ್ತಿದ್ದ ದೀಪ ಚಿತ್ರಗಳಲ್ಲಿ ಕಾಣುವಂಥ ಅಲ್ಲಾದೀನನ ದೀಪವಲ್ಲ, ಮಡಚಿಡಬಹುದಾದ ತುರ್ಕಿ ಲಾಂದ್ರ. ಸತ್ತವರ ಮನೆಗಳಿಗೆ ತಾವೇ ಕಾಗದ ಬರೆಯುತ್ತಿದ್ದರು.

ಇಷ್ಟಾದರೂ ಆ ಚಳಿಗಾಲ ಸ್ಕುಟಾರಿಯಲ್ಲಿ ಸಾವು ನಿಲ್ಲಲಿಲ್ಲ. ಹೆಚ್ಚಿನವರು ಗಾಯದಿಂದಲ್ಲ, ಭೇದಿ, ಜ್ವರಗಳಿಂದ ಸತ್ತರು. ಕಟ್ಟಡದಡಿಯ ಚರಂಡಿಗಳು ಕಟ್ಟಿ ಕೊಳೆತಿದ್ದವು. 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗ ಬಂದು ಅವನ್ನು ಶುಚಿಗೊಳಿಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಸಾವು ವೇಗವಾಗಿ ಇಳಿಯಿತು. ಊರಿಗೆ ಮರಳಿ ಅಂಕಿಅಂಶ ಹರಡಿಕೊಂಡು ಕೂತಾಗ, ತಾವು ಅಷ್ಟು ಅಕ್ಕರೆಯಿಂದ ನೋಡಿಕೊಂಡವರಲ್ಲಿ ಎಷ್ಟೋ ಮಂದಿಯನ್ನು ಆ ಕಟ್ಟಡವೇ ಕೊಂದಿತ್ತು ಎಂಬುದು ಆಕೆಗೆ ತಿಳಿಯಿತು. ಲೋಕವೆಲ್ಲ ಹೊಗಳುತ್ತಿದ್ದ ಕಾಲವದು. ಮುಚ್ಚಿಡಬಹುದಿತ್ತು. ಆಕೆ ಅದನ್ನೇ ಬಣ್ಣದ ನಕ್ಷೆ ಮಾಡಿ ಸರ್ಕಾರದ ಮುಂದಿಟ್ಟರು. ನನಗೆ ದೀಪಕ್ಕಿಂತ ಈ ನಕ್ಷೆಯೇ ದೊಡ್ಡದಾಗಿ ಕಾಣುತ್ತದೆ.

ಆ ಮೇಲಿನ ಬಹುಕಾಲ ಕಾಯಿಲೆಯ ಹಾಸಿಗೆಯಿಂದಲೇ ದುಡಿದರು. ಶುಶ್ರೂಷೆಯ ಬಗ್ಗೆ 1859ರಲ್ಲಿ ಬರೆದ ಪುಸ್ತಕದಲ್ಲಿ ರೋಗಿಯ ಕೋಣೆಯ ಹೊರಗೆ ನಿಂತು ಪಿಸುಗುಟ್ಟಬೇಡಿ, ಕತ್ತು ಹೊರಳಿಸದೆ ನೋಡಬಹುದಾದ ಕಡೆ ಕೂತು ಮಾತಾಡಿ, ಹೊರಗೆ ಹೋದರೆ ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿಹೋಗಿ ಎಂಬಂಥ ಮಾತುಗಳೇ ತುಂಬಿವೆ. ಕಾಯುವುದು, ಏನಾಗುವುದೋ ಎಂಬ ಭಯ, ಇವು ರೋಗಿಯನ್ನು ದೈಹಿಕ ಶ್ರಮಕ್ಕಿಂತ ಹೆಚ್ಚು ದಣಿಸುತ್ತವೆ ಎಂಬುದು ಆಕೆಯ ಅಭಿಪ್ರಾಯ. ನರ್ಸು ತಾನಿಲ್ಲದ ಹೊತ್ತಿನಲ್ಲೂ ಆ ಕೆಲಸ ನಡೆಯುವಂತೆ ಏರ್ಪಾಡು ಮಾಡಿರಬೇಕು ಎಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಆಪರೇಷನ್ ಕೋಣೆಗೆ ಹೊಂದಿಕೊಂಡು, ರೋಗಿ ಚೇತರಿಸಿಕೊಳ್ಳುವವರೆಗೆ ಇರಲೊಂದು ಚಿಕ್ಕ ಕೋಣೆಯ ವಿಚಾರ 1863ರ ಆಸ್ಪತ್ರೆಗಳ ಪುಸ್ತಕದಲ್ಲಿ ಬರುತ್ತದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ತೆರೆಯಿತು.

ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ಸೇನಾ ಠಾಣ್ಯಗಳ ನೀರು, ಚರಂಡಿಗಳ ವಿವರ ತರಿಸಿಕೊಂಡು ವರ್ಷಗಟ್ಟಲೆ ಬರೆದರು. ಹಳ್ಳಿಗಳ ನೈರ್ಮಲ್ಯದ ಕುರಿತು ಪುಣೆಯ ಸಾರ್ವಜನಿಕ ಸಭೆಯೊಂದಿಗೆ ಪತ್ರವ್ಯವಹಾರವೂ ಇತ್ತು. ಪುಣೆಯ ನಮ್ಮ ಸದಸ್ಯೆಯರಿಗೆ ಇದು ಇಷ್ಟವಾದೀತು.

ಕೊನೆಗಾಲದಲ್ಲಿ ದೃಷ್ಟಿ ಹೋಯಿತು. 1910ರ ಆಗಸ್ಟ್ 13ರಂದು ತೀರಿಕೊಂಡಾಗ ತೊಂಬತ್ತು ವರ್ಷ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡುವ ಗೌರವವನ್ನು ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಇಗರ್ಜಿಯಂಗಳದಲ್ಲಿ ತಂದೆತಾಯಿಯ ಜೊತೆ ಆಕೆಯ ಸಮಾಧಿಯಿದೆ. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ, ಎಫ್. ಎನ್. ಎಂಬ ಎರಡಕ್ಷರ ಮತ್ತು ಹುಟ್ಟುಸಾವಿನ ದಿನಾಂಕಗಳು ಮಾತ್ರ.