ಉದಕಮಂಡಲದ ಮೊದಲ ಮನೆ ಕಟ್ಟಿದ ಜಾನ್ ಸಲ್ಲಿವನ್

ಉದಕಮಂಡಲವೆಂದೊಡನೆ ನಮಗೆ ನೆನಪಾಗುವುದು ಕೆರೆ, ಹೂದೋಟ ಮತ್ತು ಚಳಿ. ಆ ಊರಿಗೆ ತಳಹದಿ ಹಾಕಿದ ಜಾನ್ ಸಲ್ಲಿವನ್ ಅಷ್ಟಾಗಿ ನೆನಪಾಗುವುದಿಲ್ಲ.

1788ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಗೆ ಸೇರಿ, 1815ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ. 1819ರಲ್ಲಿ ನೀಲಗಿರಿಯನ್ನೇರಿ ಕೋಟಗಿರಿಯ ಬಳಿ ಬಂಗಲೆ ಕಟ್ಟಿಸಿದ. ಆ ಭಾಗದಲ್ಲಿ ಬೇಸಾಯ ಮಾಡಿಕೊಂಡಿದ್ದವರು ಬಡಗರು. ಮೈಸೂರು ಸೀಮೆಯಿಂದ, ಅಂದರೆ ಬಡಗಣಿಂದ, ಬಂದವರೆಂದೇ ಅವರಿಗೆ ಆ ಹೆಸರು. ಅವರ ಮಾತು ನಮ್ಮ ಕಿವಿಗೆ ಹೊಸದಲ್ಲ.

ಬಳಿಕ ಸಲ್ಲಿವನ್ ಪಶ್ಚಿಮಕ್ಕೆ ಸರಿದು, ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲನ್ನು ಆರಿಸಿಕೊಂಡ. 1822ರಲ್ಲಿ ಅಲ್ಲಿ ಮನೆಯ ಕೆಲಸ ಆರಂಭವಾಯಿತು. ತೋಡರ ಮನೆಯೆಂದರೆ ಬಿದಿರು ಬಾಗಿಸಿ ಹುಲ್ಲು ಹೊದಿಸಿದ, ಅರ್ಧ ಪೀಪಾಯಿಯಂತಹ ಗುಡಿಸಲು, ತೆವಳಿಯೇ ಒಳಹೋಗಬೇಕು. ಅದರ ನೆರೆಯಲ್ಲಿ ಎದ್ದ ಕಲ್ಲಿನ ಕಟ್ಟಡವನ್ನು ಜನ ಕಲ್ ಬಂಗಲೆ ಎಂದರು. ಕೆಳಗಿನ ತೊರೆಗೆ ಒಡ್ಡು ಕಟ್ಟಿಸಿ ಸಲ್ಲಿವನ್ ಕೆರೆ ಮಾಡಿಸಿದ. ಬಟಾಟೆ, ಗೋಧಿ, ಸೀಮೆ ಹಣ್ಣಿನ ಗಿಡಗಳನ್ನು ತರಿಸಿದ. ಊರು ಚೌಕ ಬೀದಿಗಳಲ್ಲಿ ಬೆಳೆಯಲಿಲ್ಲ. ಒಂದೊಂದು ಗುಡ್ಡಕ್ಕೆ ಒಂದೊಂದು ಬಂಗಲೆ, ಸುತ್ತಲೂ ತೋಟ, ಕೆಳಗೆ ಕೆರೆ, ಹೀಗೆ ಹರಡಿತು.

ಆದರೆ ಆ ನೆಲ ಯಾರದು? ಇಲ್ಲೇ ಈ ಮನುಷ್ಯ ನಮಗೆ ಮುಖ್ಯನಾಗುತ್ತಾನೆ. ತಾನೇ ಧಾರಾಳವಾಗಿ ಭೂಮಿ ಹಿಡಿದವನು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಬೆಟ್ಟ ತೋಡರದು, ಬೆಲೆ ಕೊಡದೆ ತೆಗೆದುಕೊಳ್ಳಬಾರದು ಎಂದು ಸರಕಾರದೊಡನೆ ವಾದಿಸಿದ. ಗವರ್ನರ್ ಲಷಿಂಗ್ಟನ್ನನಿಗೂ ಅವನಿಗೂ ಸರಿಬರಲಿಲ್ಲ. 1828ರಲ್ಲಿ ಊರು ಸೇನಾಧಿಕಾರಿಯ ಕೈಗೆ ಹೋಯಿತು. 1830ರಲ್ಲಿ ಬೆಟ್ಟದ ಬಹುಭಾಗವನ್ನು ಕೊಯಮತ್ತೂರಿನಿಂದ ಬಿಡಿಸಿ ಮಲಬಾರ್ ಜಿಲ್ಲೆಗೆ ಸೇರಿಸಿದರು. ನಕ್ಷೆಯ ಮೇಲೆ ಗೆರೆ ಎಳೆದು ಜನರನ್ನು ಆಚೀಚೆ ಮಾಡುವ ವಿದ್ಯೆ 1956ರಲ್ಲಿ ಹುಟ್ಟಿದ್ದಲ್ಲವೆಂದು ಕಾಸರಗೋಡಿನವರಾದ ನಮಗೆ ಇದರಿಂದ ತಿಳಿಯುತ್ತದೆ. 1843ರಲ್ಲಿ ಆ ಭಾಗ ಮತ್ತೆ ಕೊಯಮತ್ತೂರಿಗೆ ಬಂತು. ಆಗ ಸಲ್ಲಿವನ್ ಇಲ್ಲಿರಲಿಲ್ಲ.

ಲಷಿಂಗ್ಟನ್ನನ ಕಾಲದಲ್ಲೇ ಸೇಂಟ್ ಸ್ಟೀಫನ್ ಇಗರ್ಜಿ ಎದ್ದಿತು. ಅದರ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯವು. ಸಲ್ಲಿವನ್ನನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್ ಅಲ್ಲಿಯೇ ಮಣ್ಣಾದರು. 1841ರಲ್ಲಿ ಆತ ಇಂಗ್ಲೆಂಡಿಗೆ ಮರಳಿದ, 1855ರಲ್ಲಿ ತೀರಿಕೊಂಡ.

ಕಲ್ ಬಂಗಲೆ ಈಗ ಸರಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಸಸ್ಯೋದ್ಯಾನದ ಮೇಲಣ ಗುಡ್ಡದಲ್ಲಿ ತೋಡರ ಒಂದು ಮಂದ್ ಇದೆ.