ಎಂ. ಎಸ್. ಪುಟ್ಟಣ್ಣನವರು

ನ್ಯಾಯಪೀಠದಲ್ಲಿ ಕುಳಿತು ತೀರ್ಪು ನೀಡುವವರ ಹೆಸರು ಲೋಕಕ್ಕೆ ತಿಳಿಯುತ್ತದೆ. ಆ ತೀರ್ಪಿಗೆ ಆಧಾರವಾದ ಬರಹವನ್ನು ಸಿದ್ಧಪಡಿಸಿದವರ ಹೆಸರು ಸಾಮಾನ್ಯವಾಗಿ ಯಾರಿಗೂ ತಿಳಿಯದು. ಹೊಸಗನ್ನಡ ಗದ್ಯದ ಆದ್ಯರಲ್ಲಿ ಒಬ್ಬರಾದ ಎಂ. ಎಸ್. ಪುಟ್ಟಣ್ಣನವರು ಕೆಲವು ಕಾಲ ಅಂತಹ ಅಜ್ಞಾತ ಸೇವೆಯಲ್ಲಿದ್ದವರು.

ಪುಟ್ಟಣ್ಣನವರು 1854ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರಿಗಿಟ್ಟ ಹೆಸರು ಲಕ್ಷ್ಮೀನರಸಿಂಹಶಾಸ್ತ್ರಿ. ಆದರೆ ಅಕ್ಕರೆಯಿಂದ ಕರೆದ ಪುಟ್ಟಣ್ಣ ಎಂಬ ಹೆಸರೇ ಕಡೆಗೆ ನಿಂತಿತು. ಹಸುಗೂಸಾಗಿದ್ದಾಗಲೇ ಅವರು ತಾಯಿಯನ್ನು ಕಳೆದುಕೊಂಡರು. ಬೆಳೆದು ಕೋಲಾರದಲ್ಲಿ ಉಪಾಧ್ಯಾಯರಾದರು, ಬಿ.ಎ. ಪದವಿಯನ್ನೂ ಪಡೆದರು. ಮುಂದೆ ಬೆಂಗಳೂರಿನ ಚೀಫ್ ಕೋರ್ಟಿನಲ್ಲಿ ಭಾಷಾಂತರಕಾರರಾಗಿ ನೇಮಕಗೊಂಡರು.

ಮೂವರು ನ್ಯಾಯಾಧೀಶರನ್ನುಳ್ಳ ಚೀಫ್ ಕೋರ್ಟು 1884ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನಕ್ಕೆಲ್ಲ ಅದೇ ಅತ್ಯುನ್ನತ ನ್ಯಾಯಾಲಯ. ಕೊಲೆ, ದರೋಡೆ ಮೊದಲಾದ ಅಪರಾಧಗಳಿಗೆ ಕೆಳಗಿನ ನ್ಯಾಯಾಲಯಗಳು ವಿಧಿಸಿದ ಶಿಕ್ಷೆಗಳ ಮೇಲಿನ ಅಪೀಲುಗಳು ಅಲ್ಲಿಗೆ ಬರುತ್ತಿದ್ದವು. ಅಲ್ಲಿನ ವ್ಯವಹಾರ ಇಂಗ್ಲಿಷಿನದು. ಸಾಕ್ಷಿಗಳ ಮಾತಾದರೋ ಕನ್ನಡದ್ದು. ಇವೆರಡರ ನಡುವೆ ಸೇತುವೆಯಾಗಿದ್ದವನು ಭಾಷಾಂತರಕಾರ.

ಈ ಕೆಲಸದ ಹೊಣೆ ಎಂತಹುದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ಸಂಸ್ಥಾನದ ಉತ್ತರದ ಅಂಚಿನಲ್ಲಿ, ದಾವಣಗೆರೆಯ ಬಳಿಯ ಶಾಮನೂರಿನಲ್ಲಿ ಒಂದು ಹೊಡೆದಾಟ ನಡೆಯಿತೆನ್ನೋಣ. ಆರೋಪಿಯು ಕೈ ಮಾಡಿದ ಎಂದು ರೈತನೊಬ್ಬನು ಸಾಕ್ಷಿ ನುಡಿಯುತ್ತಾನೆ. ಕೈ ಮಾಡುವುದೆಂದರೆ ಸನ್ನೆಯಿಂದ ಕರೆಯುವುದೂ ಆಗಬಹುದು, ಹೊಡೆಯುವುದೂ ಆಗಬಹುದು. ಆ ರೈತನನ್ನು ಕಣ್ಣಾರೆ ಕಾಣದ ನ್ಯಾಯಾಧೀಶರು ಬೆಂಗಳೂರಿನಲ್ಲಿ ಕುಳಿತು ಓದುವುದು ಭಾಷಾಂತರಕಾರನ ಬರಹವನ್ನು. ಅವನು ಅರ್ಥ ತಪ್ಪಿದರೆ ನಿರಪರಾಧಿಗೆ ಸೆರೆಮನೆಯಾದೀತು, ಅಪರಾಧಿಗೆ ಬಿಡುಗಡೆಯಾದೀತು. ಆದುದರಿಂದ ಅವನು ಮಾತಿಗೆ ಬಣ್ಣ ಕಟ್ಟುವಂತಿಲ್ಲ. ಕರುಣೆಯಿಂದಲೂ ಕೋಪದಿಂದಲೂ ಒಂದು ಪದವನ್ನು ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ತೀರ್ಪು ನೀಡುವ ಅಧಿಕಾರ ಅವನಿಗಿಲ್ಲ. ತೀರ್ಪು ಸರಿಯಾಗುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಇದೆ.

ಮುಂದೆ ಪುಟ್ಟಣ್ಣನವರು ಅಮಲ್ದಾರರಾದರು. ಅಂದಿನ ಅಮಲ್ದಾರರಿಗೆ ಕಂದಾಯದ ಕೆಲಸದೊಡನೆ ಮ್ಯಾಜಿಸ್ಟ್ರೇಟರ ಅಧಿಕಾರವೂ ಇತ್ತು. ಇತರರ ತೀರ್ಪಿಗೆ ನೆರವಾಗಿದ್ದವರು ತಾವೇ ವಿಚಾರಣೆ ನಡೆಸುವ ಸ್ಥಾನಕ್ಕೆ ಬಂದರು.

ಸರ್ಕಾರಿ ಕೆಲಸದ ನಡುವೆಯೂ ಅವರ ಸಾಹಿತ್ಯಸೇವೆ ನಿಲ್ಲಲಿಲ್ಲ. ಶೇಕ್ಸ್‌ಪಿಯರನ ಲಿಯರ್ ರಾಜನ ನಾಟಕವನ್ನು ಹೇಮಚಂದ್ರರಾಜವಿಲಾಸ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಮಾತಿನ ಬೆಡಗಿಗೆ ಮರುಳಾಗಿ, ಸತ್ಯ ನುಡಿದ ಮಗಳನ್ನು ದೂರ ಮಾಡಿದ ಅರಸನ ಕಥೆ ಅದು. ಅವರು ಬರೆದ ಕುಣಿಗಲು ರಾಮಾಶಾಸ್ತ್ರಿಗಳ ಚರಿತ್ರೆಯು ಹೊಸಗನ್ನಡದ ಮೊದಮೊದಲ ಜೀವನಚರಿತ್ರೆಗಳಲ್ಲಿ ಒಂದು. 1915ರಲ್ಲಿ ಪ್ರಕಟವಾದ ಮಾಡಿದ್ದುಣ್ಣೋ ಮಹಾರಾಯ ಎಂಬ ಕಾದಂಬರಿ ಅವರಿಗೆ ಶಾಶ್ವತ ಕೀರ್ತಿಯನ್ನು ತಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಜನಜೀವನ ಅದರಲ್ಲಿ ಮೈದಾಳಿದೆ. ಜನರ ಆಡುಮಾತು ಸಹಜವಾಗಿ ಕೇಳಿಬರುತ್ತದೆ. ಸಾಕ್ಷಿಗಳ ಒಂದೊಂದು ಮಾತನ್ನೂ ತೂಗಿ ನೋಡಿದವರಿಗೆ ಈ ಕಿವಿ ಒದಗಿದುದು ಅಚ್ಚರಿಯಲ್ಲ.

ಪುಟ್ಟಣ್ಣನವರು 1930ರಲ್ಲಿ ತೀರಿಕೊಂಡರು. ಅದೇ ವರ್ಷ ಚೀಫ್ ಕೋರ್ಟು ಹೈಕೋರ್ಟ್ ಎಂಬ ಹೆಸರನ್ನು ಪಡೆಯಿತು. ಇಂದಿಗೂ ಉಚ್ಚ ನ್ಯಾಯಾಲಯದಲ್ಲಿ ಭಾಷಾಂತರಕಾರರೂ ನ್ಯಾಯಮೂರ್ತಿಗಳಿಗೆ ನೆರವಾಗುವ ಕಾನೂನು ಸಹಾಯಕರೂ ಇದ್ದಾರೆ. ತೀರ್ಪಿನ ಕೆಳಗೆ ಅವರ ಸಹಿ ಇರುವುದಿಲ್ಲ. ಆದರೆ ಬಡವನೊಬ್ಬನ ಮಾತು ಕೆಡದೆ, ಕುಂದದೆ ನ್ಯಾಯಪೀಠವನ್ನು ಮುಟ್ಟಿದಾಗ ಅವರ ಶ್ರಮ ಸಾರ್ಥಕವಾಗುತ್ತದೆ.